ಆಷಾಢಕ್ಕೆ ಗೊತ್ತು ಮಾಡಿದ ಕಾಡು

ನಮ್ಮ ಭಾವ ಕರೆಂಟ್ ಕಾರು ತಗೊಂಡ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ನಿಂತುಹೋಯಿತು. ಚೆನ್ನೈಯ ಕೀಲ್ಪಾಕ್‌ನ ನಮ್ಮ ಫ್ಲ್ಯಾಟಿಗೆ ಅಕ್ಕನ ಜೊತೆ ಊಟಕ್ಕೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಅವತ್ತು ಬ್ಯಾಟರಿ ಎಷ್ಟು ಉಳಿಯಿತು ಎನ್ನುವುದನ್ನು ಹೇಳುತ್ತಿದ್ದರು. ಊರಂಚಿನ ಮಾಧವರಂವರೆಗೆ ಹೋಗಿ ಬಂದದ್ದನ್ನು ಹಿಮಾಲಯ ಹತ್ತಿ ಬಂದವರಂತೆ ವರ್ಣಿಸಿದ್ದೂ ಉಂಟು. ಅಪ್ಪ ಬ್ಯಾಂಕಿನಿಂದ ನಿವೃತ್ತರು. ಅಳಿಯ ಏನು ಹೇಳಿದರೂ ಸಹಿ ಹಾಕುವುದಕ್ಕೆ ಸಿದ್ಧರಾಗಿರುತ್ತಾರೆ.

ಫೆಬ್ರವರಿ 9, ಭಾನುವಾರ. ಊಟದ ಮಧ್ಯೆ ಭಾವ ಕೇಳಿದರು, "ಅತ್ತೆ, ಈ ಕಾರಲ್ಲಿ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ, ಹೇಳಿ."

ಅಮ್ಮ ಸಾರು ಬಡಿಸುತ್ತಿದ್ದವಳು ತಲೆಯೆತ್ತದೆ, "ಕಾಡಾನೆ ನೋಡಬೇಕು" ಅಂದಳು.

ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. "ದೇವಸ್ಥಾನದಲ್ಲಿ ನಾಮ ಹಾಕಿಸ್ಕೊಂಡು ನಿಂತಿರೋ ಆನೆ ನೋಡಿ ಸಾಕಾಗಿದೆ. ಯಾರ ಮಾತೂ ಕೇಳದೇ ಇರೋ ಆನೆ ಒಂದನ್ನ ನೋಡಬೇಕು."

ಅಮ್ಮ ರೈಲ್ವೆಯ ಗುಮಾಸ್ತೆ. ಚೇತ್ಪೇಟ್ ಸ್ಟೇಷನ್ನಿನಿಂದ ತಾಂಬರಂಗೆ ಲೋಕಲ್ ಟ್ರೈನಿನಲ್ಲಿ ಹೋಗಿಬರುವುದು ಅವಳ ದಿನಚರಿ. ರಜೆ ತಗೊಂಡದ್ದೆಲ್ಲ ಯಾರದೋ ಬಾಣಂತನಕ್ಕೆ, ಯಾರದೋ ಆಪರೇಷನ್ನಿಗೆ. ತನಗಾಗಿ ಏನಾದರೂ ಬೇಕು ಎಂದು ಅವಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಾಗಾಗಿ ಬರೆದಿಟ್ಟುಕೊಂಡೆ. ಆರನೇ ಕ್ಲಾಸಿನಿಂದ ಡೈರಿ ಬರೆಯುವವಳು ನಾನು. ತಾರೀಖು ಹಾಕಿ, ಎಣಿಸಬೇಕಾದ್ದಕ್ಕೆ ಗೀಟು ಎಳೆಯುವುದು ನನ್ನ ಅಭ್ಯಾಸ.

ಮುಂದಿನ ವಾರದ ಹೊತ್ತಿಗೆ ಅಮ್ಮನ ಒಂದು ಆನೆ, ಭಾವನ ಕೈಯಲ್ಲಿ, ಭಾರತದ ಅರ್ಧ ನಕ್ಷೆಯಾಗಿತ್ತು. ಚೆನ್ನೈಯಿಂದ ಹೊರಟು ತಾಡೋಬಾ, ಪೆಂಚ್, ಕಾನ್ಹಾ, ಕೊನೆಗೆ ಕಾರ್ಬೆಟ್. ದಾರಿಯುದ್ದಕ್ಕೂ ಕಾಡುಗಳಲ್ಲಿ ಟೆಂಟು ಹಾಕಿ ಮಲಗುವುದು, ಹೋಟೆಲಿನ ಹಂಗೇ ಬೇಡ. ಈ ವಿದ್ಯೆಯೆಲ್ಲ ಅವರಿಗೆ ಬಂದದ್ದು ವಿಡಿಯೊಗಳಿಂದ. ಯಾವುದೋ ದೇಶದ ಗಂಡ ಹೆಂಡತಿ ರಾಷ್ಟ್ರೀಯ ಉದ್ಯಾನದ ನಡುವೆ ಕಾರು ನಿಲ್ಲಿಸಿ, ಪಕ್ಕದ ಕಂಬಕ್ಕೆ ಪ್ಲಗ್ ಸಿಕ್ಕಿಸಿ, ಟೆಂಟಿನ ಮುಂದೆ ಮಡಿಸುವ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಮ್ಮಲ್ಲೂ ಹುಲಿ ಓಡಾಡುವ ಜಾಗದಲ್ಲಿ ಸರ್ಕಾರ ಪ್ಲಗ್ ಪಾಯಿಂಟ್ ನೆಟ್ಟಿರುತ್ತದೆ ಎಂದು ಭಾವ ನಂಬಿದರು. ಅಪ್ಪನೂ ನಂಬಿದರು. ನನಗೆ ನಗು ಬಂತು; ಆದರೆ ಅಳಿಯನ ಮಾತಿಗೆ ನಗುವುದು ನಮ್ಮ ಮನೆಯಲ್ಲಿ ಗೃಹಭಂಗಕ್ಕೆ ಸಮ.

ತಾರೀಖು ಗೊತ್ತು ಮಾಡಿದ್ದು ಅಪ್ಪ. ಮಾರ್ಚ್ 2ರ ಸಭೆಯಲ್ಲಿ ಪಂಚಾಂಗ ತೆಗೆದು ಕೂತರು. "ಆಷಾಢವೇ ಸರಿ. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಯಾರೂ ಕರೆಯೋದಿಲ್ಲ, ಬರಲಿಲ್ಲ ಅನ್ನೋ ಆಕ್ಷೇಪಣೆಯೂ ಇಲ್ಲ."

"ಆಷಾಢದಲ್ಲಿ ಹೊಸ ಕಾರಲ್ಲಿ ದೂರ ಹೋಗಬಹುದಾ ಅಪ್ಪಾ?" ಅಕ್ಕ ಕೇಳಿದಳು.

"ಕಾರು ತಗೋಬಾರದು ಅಷ್ಟೇ. ಓಡಿಸೋದಕ್ಕೇನು?"

ಜುಲೈ ತಿಂಗಳು ನಿಶ್ಚಯವಾಯಿತು. ಅಮ್ಮ ಆಫೀಸಿನಲ್ಲಿ ಅರ್ಜಿ ಕೊಟ್ಟಳು. ಅವಳ ಸೆಕ್ಷನ್ನಿನಲ್ಲಿ ಇರುವುದೇ ಇಬ್ಬರು. ಇನ್ನೊಬ್ಬಾಕೆಗೆ ದಸರಾದಿಂದಾಚೆ ಮಗಳ ಹೆರಿಗೆ. ಜುಲೈ ಬಿಟ್ಟರೆ ಈ ವರ್ಷ ಇಲ್ಲ ಎನ್ನುವ ಷರತ್ತಿನ ಮೇಲೆ ರಜೆ ಮಂಜೂರಾಯಿತು. ಅವತ್ತು ಸಂಜೆ ಅಮ್ಮ ಮಲ್ಲಿಗೆ ಮುಡಿದು ಮನೆಗೆ ಬಂದಳು.

ಆಮೇಲೆ ನಡೆದದ್ದು ಯೋಜನೆಯಲ್ಲ, ಕಾರಿನ ಸೇವೆ. ಯಾವ ಊರಿನಲ್ಲಿ ಚಾರ್ಜಿಂಗ್ ಇದೆ, ಅದು ಕೆಲಸ ಮಾಡುತ್ತದೋ ಇಲ್ಲವೋ, ಅಲ್ಲಿ ಪೆಟ್ರೋಲ್ ಕಾರಿನವನು ಅಡ್ಡ ನಿಲ್ಲಿಸಿದ್ದರೆ ಏನು ಮಾಡುವುದು. ಎಸಿ ಹಾಕಿದರೆ ಎಷ್ಟು ದೂರ, ಹಾಕದಿದ್ದರೆ ಎಷ್ಟು ದೂರ, ಅಪ್ಪ ಮುಂದೆ ಕೂತರೆ ಎಷ್ಟು, ಹಿಂದೆ ಕೂತರೆ ಎಷ್ಟು. ಏಪ್ರಿಲ್ 13ರ ಸಭೆಯಲ್ಲಿ ನಾನು ಸುಮ್ಮನೆ ಗೀಟು ಹಾಕುತ್ತ ಕೂತೆ. "ಚಾರ್ಜ್" ನಲವತ್ತೊಂದು ಸಲ, "ಕಾಡು" ಮೂರು ಸಲ. "ಆನೆ" ಒಂದು ಸಲ, ಅದೂ ಅಮ್ಮನ ಬಾಯಿಂದ.

ಮೇ ತಿಂಗಳ ಒಂದು ಶನಿವಾರ ಟೆರೇಸಿನ ಮೇಲೆ ಟೆಂಟಿನ ಪ್ರಯೋಗ. ಭಾವನೂ ಅಪ್ಪನೂ ಬನಿಯನ್ನಿನಲ್ಲಿ ಬೆವರುತ್ತ ಕೋಲುಗಳನ್ನು ಬಗ್ಗಿಸುತ್ತಿದ್ದರೆ, ಅದು ಒಂದು ಕಡೆ ಎದ್ದಾಗ ಇನ್ನೊಂದು ಕಡೆ ಮಲಗುತ್ತಿತ್ತು. ಹಪ್ಪಳ ಒಣಗಿಸಲು ಬಂದ ಪಕ್ಕದ ಮನೆಯ ಮಾಮಿ, "ಯಾರ ಮನೇಲಿ ವಿಶೇಷಂ? ಶಾಮಿಯಾನಾ ಚಿಕ್ಕದಾಯ್ತಲ್ಲ!" ಅಂದರು. ಅಕ್ಕ "ಐಯೋ ಕಡವುಳೇ" ಎಂದು ತಮಿಳಿನಲ್ಲೇ ದೇವರನ್ನು ಕರೆದು ಕೆಳಗಿಳಿದಳು.

ಆಮೇಲೆ ಭಾವ ಕಾರಿನಿಂದ ಕರೆಂಟು ತೆಗೆದು ಪಾರ್ಕಿಂಗಿನಲ್ಲೇ ರೈಸ್ ಕುಕ್ಕರ್ ಇಟ್ಟರು. ಅನ್ನವಾಗುವಷ್ಟು ಹೊತ್ತೂ ಡ್ರೈವರ್ ಸೀಟಿನಲ್ಲಿ ಕೂತು ಪರದೆ ನೋಡಿ, ಈ ಅನ್ನಕ್ಕೆ ಎಷ್ಟು ಕಿಲೋಮೀಟರು ಹೋಯಿತು ಎಂದು ಲೆಕ್ಕ ಹೇಳಿದರು. "ಹಾಗಾದ್ರೆ ಸಾರು ಮಾಡಿದ್ರೆ ನಾಗಪುರ ಮುಟ್ಟೋದಿಲ್ಲ" ಎಂದು ಅಪ್ಪ ಗಂಭೀರವಾಗಿ ಚಿಂತೆ ಮಾಡಿದರು. ಅನ್ನ ಮುದ್ದೆಯಾಗಿತ್ತು. ಇಬ್ಬರೂ ಹೊಗಳಿಕೊಂಡು ತಿಂದರು.

"ಎಲೆಕ್ಟ್ರಿಕ್ ಅಂದ್ರೆ ಇದು ಅತ್ತೆ, ಮುಂದಿನ ಕಾಲ" ಅಂದರು ಭಾವ.

"ನಾನು ಕೆಲಸಕ್ಕೆ ಸೇರಿದಾಗಿನಿಂದ ಕರೆಂಟ್ ಗಾಡೀಲೇ ಓಡಾಡ್ತಾ ಇದೀನಿ" ಅಂದಳು ಅಮ್ಮ. "ಚಾರ್ಜ್ ಎಲ್ಲಿ ಅಂತ ಒಂದು ದಿನಾನೂ ಕೇಳಿಲ್ಲ. ಅದಿರಲಿ, ಕಾಡಿನ ಒಳಗೆ ಹೋಗೋಕೆ ಟಿಕೆಟ್ ತಗೊಂಡ್ರಾ?"

"ಟಿಕೆಟ್ಟೇನು ಅತ್ತೆ, ಕಾಡು ಎಲ್ಲಿಗೆ ಓಡಿಹೋಗತ್ತೆ? ಮೊದಲು ಚಾರ್ಜಿಂಗ್ ಫೈನಲ್ ಆಗ್ಲಿ."

ಜೂನ್ 8ರ ಭಾನುವಾರ ಫೈನಲ್ ಆಯಿತು. ಭಾವ ಟಿವಿಗೆ ನಕ್ಷೆ ಹಾಕಿ, ಕೋಲು ಹಿಡಿದು ನಿಂತು, ಕಾರ್ಬೆಟ್‌ವರೆಗಿನ ಒಂದೊಂದು ನಿಲುಗಡೆಯನ್ನೂ ವಿವರಿಸಿದರು. ಅಮ್ಮ ಕೊನೆಯವರೆಗೆ ಕೇಳಿ, ಫೋನ್ ಎತ್ತಿಕೊಂಡು, ಮೊದಲನೇ ಕಾಡಿನ ಬಾಗಿಲ ಹತ್ತಿರದ ಒಂದು ಲಾಡ್ಜಿಗೆ ಕರೆ ಮಾಡಿದಳು. ನಂಬರು ಯಾವಾಗ ಹುಡುಕಿಟ್ಟಿದ್ದಳೋ. ಸ್ಪೀಕರ್ ಹಾಕಿ, ತನ್ನ ಆಫೀಸಿನ ಹಿಂದಿಯಲ್ಲಿ, ಜುಲೈನಲ್ಲಿ ಐದು ಜನ ಬರುತ್ತೇವೆ, ಟೆಂಟು ನಮ್ಮದೇ ಇದೆ ಅಂದಳು.

ಆ ಕಡೆಯವನು ಬಹಳ ಮರ್ಯಾದೆಯಿಂದ ಹೇಳಿದ್ದನ್ನು ಅಮ್ಮ ನಮಗೆ ಕನ್ನಡ ಮಾಡಿದಳು: "ಮಳೆಗಾಲಕ್ಕೆ ಒಳಗಿನ ಕಾಡು ಮುಚ್ತಾರಂತೆ. ಅಕ್ಟೋಬರಿಗೆ ಬನ್ನಿ ಅಂತಾನೆ. ಆ ಕಡೆ ಎಲ್ಲಾ ಹಾಗೇನಂತೆ. ಟೆಂಟು ಕಾಡೊಳಗೆ ಯಾವ ಕಾಲದಲ್ಲೂ ಬಿಡೋಲ್ಲವಂತೆ."

ಭಾವ ಕಿಟಕಿಯ ಕಡೆ ನೋಡಿದರು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. "ಜುಲೈನಲ್ಲಿ ಯಾವ ಮಳೆ?"

ಚೆನ್ನೈಯಲ್ಲಿ ಬೆಳೆದವರ ಬುದ್ಧಿ ಇದು. ನಮಗೆ ಮಳೆಗಾಲವೆಂದರೆ ದೀಪಾವಳಿಯ ಹಿಂದೆ ಮುಂದೆ. ದೇಶದ ಉಳಿದ ಭಾಗವೂ ನಮ್ಮನ್ನು ಕೇಳಿಯೇ ನೆನೆಯುತ್ತದೆ ಎಂದುಕೊಂಡಿರುತ್ತೇವೆ. ನಾಲ್ಕು ತಿಂಗಳು ಒಂದೊಂದು ಸ್ವಿಚ್ಚನ್ನೂ ವಿಚಾರಿಸಿದ ಗಂಡಸರಿಗೆ ಕಾಡು ತೆರೆದಿರುತ್ತದೆಯೇ ಎಂದು ಕೇಳಲು ತೋಚಿರಲಿಲ್ಲ. ಅಪ್ಪನ ಪಂಚಾಂಗದಲ್ಲಂತೂ ಆಷಾಢಕ್ಕೆ ಪುನರ್ವಸು ಮಳೆ, ಪುಷ್ಯ ಮಳೆ ಎಂದು ಅಚ್ಚಾಗಿತ್ತು. ಅವರು ಓದಿದ್ದು ಮುಹೂರ್ತದ ಪುಟ ಮಾತ್ರ.

"ಸರಿ, ದಸರಾ ಕಳೆದ ಮೇಲೆ ಇಟ್ಕೊಂಡ್ರಾಯ್ತು" ಅಂದರು ಅಪ್ಪ, ಹಾಲಿನವನಿಗೆ ನಾಳೆ ಬಾ ಅಂದಂತೆ.

"ನನ್ನ ರಜೆ?"

"ಮುಂದಿನ ವರ್ಷ ಇನ್ನೂ ಚೆನ್ನಾಗಿ ಪ್ಲಾನ್ ಮಾಡೋಣ ಅತ್ತೆ. ಚಾರ್ಜರ್‌ಗಳೂ ಜಾಸ್ತಿ ಆಗಿರ್ತವೆ."

ಅಮ್ಮ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಲಿಲ್ಲ, ಅದರಿಂದಲೇ ನನಗೆ ಭಯವಾಯಿತು. ವಾಪಸು ಬಂದು ಹೇಳಿದಳು, "ನನಗೆ ರೈಲ್ವೆ ಪಾಸ್ ಇದೆ. ಮೈಸೂರಿಗೆ ಹೋಗಿ, ಬಸ್ಸಲ್ಲಿ ಬಂಡೀಪುರಕ್ಕೆ ಹೋಗ್ತೀನಿ. ವಿಚಾರಿಸಿದೀನಿ, ಅದು ಮುಚ್ಚಿರೋದಿಲ್ಲ."

"ಬಂಡೀಪುರಾನಾ?" ಭಾವನ ಮುಖದಲ್ಲಿ ನಿಜವಾದ ಮರುಕವಿತ್ತು. "ಅದು ಇಲ್ಲೇ ಪಕ್ಕದಲ್ಲಿದೆ ಅತ್ತೆ. ಅದು ಕ್ರಾಸ್ ಕಂಟ್ರಿ ಆಗೋದಿಲ್ಲ."

"ಆನೆಗೆ ಅದು ಗೊತ್ತಾ?"

ನಾನು ಈ ಸಲ ಜೋರಾಗಿಯೇ ನಕ್ಕೆ. ಗೃಹಭಂಗವೇನೂ ಆಗಲಿಲ್ಲ. ಭಾವ, ಕಾರಿನಲ್ಲೇ ಬಿಡುತ್ತೇನೆ, ಕೃಷ್ಣಗಿರಿ ಹತ್ತಿರ ಒಂದು ಒಳ್ಳೆಯ ಚಾರ್ಜರ್ ಇದೆ ಎಂದು ಶುರು ಮಾಡಿದಾಗ ಅಮ್ಮ "ಬೇಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಜುಲೈ ಮೊದಲ ವಾರ ನಾವಿಬ್ಬರೇ ಹೊರಟೆವು. ಗುಂಡ್ಲುಪೇಟೆಯಲ್ಲಿ ರೂಮು ಮಾಡಿ, ಸಂಜೆಯ ಸಫಾರಿ ಬಸ್ಸು ಹತ್ತಿದೆವು. ತುಂತುರು ಮಳೆ. ಜಿಂಕೆ, ನವಿಲು, ಮತ್ತೆ ಜಿಂಕೆ. ಅಮ್ಮ ಇಳಿದವಳೇ ಕೌಂಟರಿಗೆ ಹೋಗಿ ನಾಳೆ ಬೆಳಗಿನ ಟಿಕೆಟ್ ಕೇಳಿದಳು. ಬೆಳಿಗ್ಗೆಯೂ ಜಿಂಕೆ. ಬಸ್ಸಿನ ತುಂಬ ಜನ. ಹಿಂದಿನ ಸೀಟಿನ ಗುಂಪೊಂದು ಚಿಪ್ಸ್ ತಿನ್ನುತ್ತ, ಕಾಸು ದಂಡ ಎಂದು ಕೂಗಾಡುತ್ತಿತ್ತು. ಬರಿಗೈಯಲ್ಲಿ ವಾಪಸಾದರೆ ಭಾವನ ಮುಖದಲ್ಲಿ ಮೂಡುವ ನಗು ನನಗೆ ಗೊತ್ತಿತ್ತು.

ಒಂದು ತಿರುವಿನಲ್ಲಿ ಡ್ರೈವರ್ ಬಸ್ಸು ನಿಲ್ಲಿಸಿದ. ರಸ್ತೆಯಿಂದ ಇಪ್ಪತ್ತು ಮಾರು ದೂರದಲ್ಲಿ, ಬಿದಿರಿನ ಮೆಳೆಗೆ ಮುಖ ಮಾಡಿಕೊಂಡು, ಒಂಟಿ ಹೆಣ್ಣಾನೆ. ಮೈಮೇಲೆ ಕೆಂಪು ಮಣ್ಣು ಮಳೆಗೆ ಕರಗಿ ಗೀರುಗೀರಾಗಿ ಇಳಿದಿತ್ತು. ಹಿಂದಿನ ಗುಂಪು ಎದ್ದು ನಿಂತು ಸಿಳ್ಳೆ ಹಾಕಿ, "ಏಯ್, ಈ ಕಡೆ ತಿರುಗೇ!" ಎಂದು ಕೂಗಿತು.

ಅಮ್ಮ ಹಿಂದಕ್ಕೆ ತಿರುಗಿದಳು. ಅರ್ಜಿ ಹಿಡಿದು ನೂಕುವವರನ್ನು ಕೌಂಟರಿನಾಚೆ ನಿಲ್ಲಿಸುವ ದನಿ ಅವಳಿಗಿದೆ, ಮನೆಯಲ್ಲಿ ಯಾವತ್ತೂ ಬಳಸಿದ್ದಿಲ್ಲ.

"ಕೂತ್ಕೊಳ್ರೀ ಎಲ್ಲಾ. ಬಾಯಿ ಮುಚ್ಕೊಂಡು."

ಕೂತರು. ಡ್ರೈವರ್ ಇಂಜಿನ್ನನ್ನೂ ಆರಿಸಿದ. ಆನೆ ನಮ್ಮ ಕಡೆ ನೋಡಲಿಲ್ಲ. ಅಮ್ಮ ಫೋನು ತೆಗೆಯದೆ, ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಿದಿರು ಮುರಿಯುವ ಸದ್ದು ಬಸ್ಸಿನ ಒಳಗಿನವರೆಗೂ ಕೇಳುತ್ತಿತ್ತು.