ಕವರ್ ಮೇಲಿನ ವೆಂಕಟಸ್ವಾಮಿ

ಫೋಟೋ ತೆಗೆಸಿಕೊಳ್ಳುವುದೆಂದರೆ ನಮ್ಮ ವೆಂಕಟಸ್ವಾಮಿಗೆ ದೊಡ್ಡ ರಾಮಾಯಣ. ಶರ್ಟಿನ ಕತ್ತಿನ ಗುಂಡಿ ಹಾಕಬೇಕು, ಮಡಿಸಿದ ತೋಳು ಬಿಚ್ಚಿ ಮಣಿಕಟ್ಟಿನ ಗುಂಡಿಯನ್ನೂ ಹಾಕಬೇಕು, ಕೂದಲಿಗೆ ನೀರು ಹಚ್ಚಿ ಬಾಚಬೇಕು. ಇಷ್ಟೆಲ್ಲ ಆದ ಮೇಲೆ ನಗುತ್ತಾನೆಯೇ? ಎಲ್ಲಿಯ ಮಾತು! ಠಾಣೆಗೆ ಕರೆಸಿದವರ ಹಾಗೆ ಬಿಗಿದುಕೊಂಡು ನಿಲ್ಲುತ್ತಾನೆ. ಮದುವೆಯ ಫೋಟೋದಲ್ಲೂ ಅಷ್ಟೇ, ಹೆಂಡತಿ ಒಬ್ಬಳೇ ನಗುತ್ತಿದ್ದಾಳೆ.

ನಾನು ನರೇಂದ್ರ, ಬೇಗೂರಿನ ಹಳೇ ಊರಿನಲ್ಲಿ ಅವನ ಎದುರುಮನೆಯವನು. ಆನೇಕಲ್ ಕಡೆಯಿಂದ ಬಂದು ಇಲ್ಲಿ ಸೇರಿಕೊಂಡೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವನು ಬಸ್ ಡಿಪೋದ ಮೆಕ್ಯಾನಿಕ್, ಬೈದರೂ ಸ್ಪ್ಯಾನರ್ ಒರೆಸುತ್ತಾ ನಿಲ್ಲುವ ಆಸಾಮಿ. ಹೇಗೋ ಹೊಂದಿಕೆಯಾಯಿತು. ಇಬ್ಬರೂ ಒಂದೇ ದಿನ ದೀಕ್ಷೆ ತೆಗೆದುಕೊಂಡು ಬೌದ್ಧರಾದೆವು. ಆಮೇಲೂ ಅವನ ಹೆಸರು ವೆಂಕಟಸ್ವಾಮಿಯೇ ಉಳಿಯಿತು. “ಹೆಸರು ಬದಲಾಯಿಸೋಕೆ ಆಫೀಸು ಆಫೀಸು ಅಲೆಯೋ ಪುರುಸೊತ್ತು ಯಾರಿಗಿದೆ ಗುರು?” ಎಂದ. ಅವನು ಬದಲಾಯಿಸಬೇಕಾದದ್ದನ್ನು ಅದಕ್ಕೂ ಎಷ್ಟೋ ಮೊದಲೇ ಬದಲಾಯಿಸಿಕೊಂಡಿದ್ದ. ತಮಟೆ ಬಿಟ್ಟಿದ್ದ.

ಊರಿನ ದೊಡ್ಡ ಮನೆಗಳಲ್ಲಿ ಸಾವಾದರೆ ನಮ್ಮ ಕೇರಿಯ ಗಂಡಸರು ಹೋಗಿ ತಮಟೆ ಬಾರಿಸಬೇಕಿತ್ತು. ಒಲ್ಲೆ ಎನ್ನುವ ಹಾಗಿರಲಿಲ್ಲ. ಬಾ ಎಂದರೆ ಉಣ್ಣುವ ಕೈ ತೊಳೆದುಕೊಂಡು ಏಳಬೇಕು. ವೆಂಕಟಸ್ವಾಮಿಯ ಅಪ್ಪನ ಪೆಟ್ಟು ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರುವಾಸಿಯಂತೆ, ಮಗನಿಗೂ ಅದನ್ನೇ ಕಲಿಸಿದ್ದ. ಅಪ್ಪ ತೀರಿಕೊಂಡ ವಾರವೇ ಮೀಸೆ ಮೂಡದ ಈ ಹುಡುಗ ಕುಡುಗೋಲಿನಿಂದ ತಮಟೆಯ ಚರ್ಮ ಸೀಳಿ ಕೆರೆಗೆ ಎಸೆದುಬಂದ. ಬೈದರು, ಹೆದರಿಸಿದರು, ಹುಡುಗ ಜಗ್ಗಲಿಲ್ಲ. ಆವತ್ತಿನಿಂದ ಯಾವ ಹೆಣದ ಮುಂದೆಯೂ ಅವನು ಬಾರಿಸಿಲ್ಲ. ಅಷ್ಟೊಂದು ಹಟ ಯಾಕೆ ಬಂತೆಂದು ನಾನು ಕೆದಕಿ ಕೆದಕಿ ಕೇಳಿದ್ದೇನೆ. “ಬಿಡು ಗುರು, ಟೀ ಕುಡಿ” ಎಂದು ಮಾತು ಮರೆಸುತ್ತಿದ್ದ. ಮಗಳಿಗಂತೂ ಅದರ ನೆರಳೂ ಬೀಳದ ಹಾಗೆ ಬೆಳೆಸಿದ.

ಮಗಳು ಸಂಘಮಿತ್ರಾ. ಜಯನಗರದ ಒಂದು ಕಾಲೇಜಿನಲ್ಲಿ ಮೀಡಿಯಾ ಓದುತ್ತಿದ್ದಳು. ಕೊನೇ ವರ್ಷದ ಪ್ರಾಜೆಕ್ಟಿಗೆ ಅವಳ ತಂಡ ಒಂದು ಆಲ್ಬಮ್ ಮಾಡಬೇಕು: ಹಾಡು ಕಟ್ಟಿ ರೆಕಾರ್ಡ್ ಮಾಡಿ, ಸೀಡಿಗೆ ಹಾಕಿ, ಅದಕ್ಕೊಂದು ಕವರ್ ಕೂಡ ಮಾಡಬೇಕು. ಈ ಕಾಲದಲ್ಲಿ ಸೀಡಿ ಯಾರಮ್ಮ ಕೇಳ್ತಾರೆ ಎಂದು ನಾನು ನಕ್ಕೆ. “ಕೇಳೋಕಲ್ಲ ಮಾವ, ಪ್ಯಾಕೇಜಿಂಗ್‌ಗೇ ಅರ್ಧ ಮಾರ್ಕ್ಸ್” ಎಂದಳು. ಪ್ಯಾಕೇಜಿಂಗ್ ಅವಳ ಪಾಲಿನ ಕೆಲಸ.

ಅಪ್ಪನ ಕೈಯಲ್ಲಿ ತಾಳ ಇದೆಯೆಂದು ಅವಳಿಗೆ ಗೊತ್ತಾದದ್ದು ಅಡುಗೆಮನೆಯಲ್ಲಿ. ಅನ್ನಕ್ಕೆ ಕಾಯುತ್ತಾ ಅವನು ಸ್ಟೀಲ್ ತಟ್ಟೆಯ ಮೇಲೆ ಬೆರಳಾಡಿಸುತ್ತಿದ್ದನಂತೆ. ಹುಡುಗಿ ಬಿಡುತ್ತಾಳೆಯೇ? ಆಲ್ಬಮ್ಮಿಗೆ ತಮಟೆ ಬಾರಿಸು ಎಂದು ಒಂದು ತಿಂಗಳು ಪ್ರಾಣ ತಿಂದಳು. ಇವತ್ತು ತಮಟೆ ಸ್ಟೇಜ್ ಮೇಲಿದೆ ಅಪ್ಪ, ನಮ್ಮ ಮೆರವಣಿಗೆಯಲ್ಲೂ ಇದೆ, ಇದು ನಮ್ಮ ಕಲೆ ಅಪ್ಪ ಎಂದಳು. ಏನನ್ನೂ ಕೇಳಿದವಳಲ್ಲ, ಇದೊಂದನ್ನು ಕೇಳಿದಳು. ಕೊನೆಗೆ ಅವನು ಒಪ್ಪಿದ್ದು ನನ್ನ ಎದುರಿಗೇ.

“ಶಬ್ದ ತಗೋ ಮಿತ್ರಾ. ಆದ್ರೆ ನನ್ನ ಮುಖ, ತಮಟೆ, ಎರಡೂ ಒಂದೇ ಕಡೆ ಬರ್ಬಾರ್ದು. ಅಷ್ಟೇ.”

“ಯಾಕಪ್ಪ?”

“ಬರ್ಬಾರ್ದು ಅಂದ್ನಲ್ಲ.”

ಯಾಕೆಂದು ಆಗಲಾದರೂ ಬಾಯಿ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತೋ ಅವನದು! ಯಾರದೋ ತಮಟೆ ತಂದು ಕಾಲೇಜಿನ ಸ್ಟುಡಿಯೋದಲ್ಲಿ ಬಾರಿಸಿ ಬಂದ. ಆವತ್ತು ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಅಂಗೈ ನೋಡಿಕೊಳ್ಳುತ್ತಿದ್ದ.

ಹುಡುಗಿ ಮಾಡಿದ ಮೊದಲ ಕವರ್ ಸಖತ್ತಾಗಿತ್ತು, ಸುಳ್ಳು ಯಾಕೆ ಹೇಳಲಿ. ದಪ್ಪ ರಟ್ಟು, ಮಣ್ಣಿನ ಬಣ್ಣ, ನಡುವೆ ದುಂಡಗೆ ಕತ್ತರಿಸಿದ ಕಿಂಡಿ. ಒಳಗಿನ ಸೀಡಿಯ ಮೇಲೆ ತಮಟೆಯ ಚರ್ಮದ ಚಿತ್ರ. ಕಿಂಡಿಯಿಂದ ನೋಡಿದರೆ ಅದು ಸೀಡಿ ಎನ್ನುವಂತೆಯೇ ಇಲ್ಲ, ತಮಟೆಯೇ. ಕವರಿನ ಹಿಂಬದಿಗೆ ಡಿಪೋ ಯೂನಿಫಾರ್ಮಿನಲ್ಲಿ ವೆಂಕಟಸ್ವಾಮಿ, ಕತ್ತಿನ ಗುಂಡಿ ಹಾಕಿಕೊಂಡು. ತಮಟೆ ಮುಂದೆ, ಮುಖ ಹಿಂದೆ. ಅಪ್ಪನ ಮಾತನ್ನು ಎಷ್ಟು ಜಾಣತನದಿಂದ ನಡೆಸಿದ್ದಳು! ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಫೋಟೋದಲ್ಲಿ ನಗದವನು ಆವತ್ತು ನಕ್ಕ.

ಆದರೆ ಮಾರ್ಕ್ಸ್ ಕೊಡುವವನು ವೆಂಕಟಸ್ವಾಮಿಯಲ್ಲವಲ್ಲ. ಮೇಷ್ಟ್ರು ಅನಂತರಾಮು. ಒಳ್ಳೆಯವನೇ ಇರಬೇಕು, ಹುಡುಗಿಯ ಕೆಲಸ ನೋಡಿ ಹಿಗ್ಗಿದನಂತೆ. ಹಿಗ್ಗಿದ ಮೇಷ್ಟ್ರು ಸುಮ್ಮನಿರುವುದುಂಟೇ? “ಮುಖ ಹಿಂದೆ ಯಾಕಮ್ಮ? ನೋಡೋರಿಗೆ ಮೊದ್ಲು ಮನುಷ್ಯ ಕಾಣ್ಬೇಕು” ಎಂದ. ಅವಳು ಒಂದು ವಾರ ಒದ್ದಾಡಿ ಅಪ್ಪನನ್ನು ಕವರಿನ ಮುಂಬದಿಗೆ ತಂದಳು. ಕಿಂಡಿ ಅವನ ಎರಡು ಕೈಗಳ ನಡುವೆ ಬಂತು. “ಯೂನಿಫಾರ್ಮ್ ಹಾಕ್ಕೊಂಡು ತಮಟೆ ಹಿಡಿದ್ರೆ ಯೂನಿಯನ್ ಸ್ಟ್ರೈಕ್ ಥರ ಕಾಣುತ್ತೆ. ರಾ ಆಗಿರ್ಲಿ, ಹಸಿಹಸಿಯಾಗಿರ್ಲಿ, ಬೆಂಕಿ ಇರ್ಲಿ, ಬೆವರಿರ್ಲಿ” ಎಂದ ಮೇಷ್ಟ್ರು.

ಈಗ ಹೇಗಿದ್ದರೆ ಬೇಕೆಂದು ಕಂಪ್ಯೂಟರಿಗೆ ಬರೆದು ಕೊಟ್ಟರೆ ಅದೇ ಚಿತ್ರ ಮಾಡಿಕೊಡುತ್ತದಂತೆ. ಹಳ್ಳಿಯ ತಮಟೆಯವನ ಮೈ ಬೇಕು ಎಂದು ಇವಳು ಕೇಳಿದಳು. ಅದು ಶರ್ಟಿಲ್ಲದ, ಪಕ್ಕೆಲುಬು ಎದ್ದ, ಸೊಂಟಕ್ಕೊಂದು ಪಂಚೆ ಸುತ್ತಿದ ಮೈ ಕೊಟ್ಟಿತು. ನೋಡಿ, ಕಂಪ್ಯೂಟರಿಗೂ ಗೊತ್ತು, ನಮ್ಮವರು ಹೇಗಿದ್ದರೆ ಚೆಂದ ಅಂತ! ಥೂ. ಆ ಮೈಗೆ ಅಪ್ಪನ ಮುಖ ಸೇರಿಸಿದಳು. ಕೂದಲು ಕೆದರಿ, ಹಣೆಗೆ ಟವಲು ಕಟ್ಟಿ, ಕೆನ್ನೆ ಒಳಕ್ಕೆ ಎಳೆದು, ಹಿಂದೆ ತಮಟೆ ಕಾಯಿಸುವ ಬೆಂಕಿ ಹಚ್ಚಿ, ಅದರ ಬೆಳಕು ಪಕ್ಕೆಲುಬುಗಳ ಮೇಲೆ ಬೀಳಿಸಿದಳು. ನೆರಳು ಸರಿಯಾಗಿ ಕೂರುವವರೆಗೆ ತಿದ್ದುತ್ತಲೇ ಇದ್ದಳಂತೆ. ಈಗ ಬಂತು ನೋಡು ಎಂದ ಅನಂತರಾಮು.

ಅವಳು ಅಪ್ಪನಿಗೆ ತೋರಿಸಲಿಲ್ಲ. ಪರೀಕ್ಷೆಗೆ ಒಂದಷ್ಟು ಪ್ರಿಂಟ್, ಕಾಲೇಜು ದಾಟಿ ಎಲ್ಲಿಗೆ ಹೋದೀತು ಎಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಚಿತ್ರ ಇಷ್ಟವಾಗಿತ್ತು. ಅಪ್ಪ ಎಷ್ಟು ಗಟ್ಟಿಗ ಕಾಣ್ತಾನೆ ಅನ್ನಿಸಿತ್ತಂತೆ. ನಾನು ಅವಳನ್ನು ಬೈಯಲಾರೆ. ಆ ಬೆಂಕಿ ಯಾವುದು, ಆ ಬರಿಮೈ ಯಾಕೆ ಎಂದು ಅವಳಿಗೆ ತಿಳಿಯದ ಹಾಗೆ ಬೆಳೆಸಿದವನು ಅವನೇ. ಅವನು ಗೆದ್ದದ್ದೇ ಅವನಿಗೆ ಮುಳುವಾಯಿತು.

ಕಾಲೇಜಿನವರು ಕವರಿನ ಜೊತೆ ಹಾಡುಗಳನ್ನೂ ಇನ್‌ಸ್ಟಾಗ್ರಾಮಿಗೆ ಹಾಕಿದರು. ಅದು ಫೋನಿಂದ ಫೋನಿಗೆ ಹಾರಿ ಬೇಗೂರಿಗೆ ಬಂದು ಮುಟ್ಟಿತು. ವೆಂಕಟಸ್ವಾಮಿಯದು ಒತ್ತುವ ಗುಂಡಿಯ ಹಳೇ ಫೋನು, ಅವನಿಗೆ ಯಾವುದೂ ತಿಳಿಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಅವನ ತಾಯಿ ಸಪ್ಪಲಮ್ಮ ಒಳಗಿನ ಮಂಚದ ಮೇಲೆ ಮಲಗಿದ್ದಳು. ವಯಸ್ಸಾಗಿದೆ, ಈಚೆಗೆ ಅವಳಿಗೆ ಇರುವವರು ಯಾರು, ಹೋದವರು ಯಾರು ಎಂಬುದೇ ಕಲಸಿಹೋಗಿದೆ. ಬಾಗಿಲಲ್ಲಿ ಕೆಂಪರಾಜು ಬಂದು ನಿಂತ. ಊರಿನ ದೊಡ್ಡಮನೆಯವನು, ಈಗ ಅಪಾರ್ಟ್‌ಮೆಂಟುಗಳ ಒಡೆಯ. ಕಣ್ಣು ಕೆಂಪಾಗಿತ್ತು.

“ಅಪ್ಪ ಹೋಗ್ಬಿಟ್ರು ವೆಂಕಟಸ್ವಾಮಿ.”

ಅವನಪ್ಪ ಪಾಪಯ್ಯ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ. ವೆಂಕಟಸ್ವಾಮಿ ಎದ್ದು ನಿಂತ. “ಛೆ, ಬೇಜಾರಾಯ್ತು. ಬಂದು ಕೈ ಮುಗಿದು ಹೋಗ್ತೀನಿ.”

“ಕೈ ಮುಗಿಯೋದಲ್ಲ. ಊರಿನ ತಮಟೆಲೇ ಹೋಗ್ಬೇಕು ಅಂತ ಅಪ್ಪನ ಆಸೆ. ಬಾಡಿಗೆಯವರನ್ನ ಕರೆಸಿದ್ರೆ ಏನ್ ಮರ್ಯಾದೆ? ನೀನೇ ಬಾ.”

“ನಾನು ಬಿಟ್ಟಿದೀನಿ. ನಿಮಗೆ ಗೊತ್ತಿರೋದೇ.”

“ಬಿಟ್ಟಿದ್ರೆ ಇದ್ಯಾರಪ್ಪ?” ಎಂದು ಕೆಂಪರಾಜು ಫೋನು ಮುಂದೆ ಹಿಡಿದ.

ಅದರಲ್ಲಿ ಬೆಂಕಿಯ ಮುಂದಿನ ಆ ಬರಿಮೈಯ ಕವರು; ವೆಂಕಟಸ್ವಾಮಿ ಅದನ್ನು ನೋಡಿದ್ದೇ ಆಗ. ಸಂಘಮಿತ್ರಾ ಕೋಣೆಯಿಂದ ಓಡಿ ಬಂದಳು. “ಅಂಕಲ್, ಅದು ನಿಜವಾದ ಫೋಟೋ ಅಲ್ಲ. ನಾನು ಕಂಪ್ಯೂಟರಲ್ಲಿ ಮಾಡಿದ್ದು. ಅಪ್ಪ ಹಂಗೆ ನಿಂತೇ ಇಲ್ಲ.”

“ಚೆನ್ನಾಗೇ ಮಾಡಿದೀಯ ಬಿಡಮ್ಮ. ನಮ್ಮ ಅಂಗಳದಲ್ಲಿ ಹಿಂಗೇ ನಿಂತ್ಕೊಳ್ಳೋರು.” ಅವನು ವ್ಯಂಗ್ಯವಾಗಿ ಹೇಳಲಿಲ್ಲ, ನಿಜವಾಗಿ ಮೆಚ್ಚಿಯೇ ಹೇಳಿದ. ಆಮೇಲೆ ಇವನ ಕಡೆ ತಿರುಗಿದ. “ಕಾಲೇಜ್‌ನೋರು ಕರೆದ್ರೆ ಹೋಗ್ತೀಯ, ನಾವ್ ಕರೆದ್ರೆ ಇಲ್ಲ?”

“ಬರಲ್ಲ,” ಎಂದ ವೆಂಕಟಸ್ವಾಮಿ.

ಕೆಂಪರಾಜು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಾ ನಿಂತ. “ಆಯ್ತು ಬಿಡು. ನೀನೇನ್ ಬರೋದ್ ಬೇಕಾಗಿಲ್ಲ,” ಎಂದು ಹೊರಟುಹೋದ. ನಾನು ಕುಣಿಯುವುದೊಂದು ಬಾಕಿ. ಭೇಷ್ ಕಣೋ ಎಂದು ಅವನ ಬೆನ್ನು ತಟ್ಟಿದೆ.

ಅವನಿಗೆ ನನ್ನ ಮಾತು ಕೇಳಿಸಲೇ ಇಲ್ಲ. “ಆ ಕವರ್ ತಾ” ಎಂದ. ಮಗಳು ಬ್ಯಾಗಿನಿಂದ ತೆಗೆದು ಕೊಟ್ಟಳು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಳು. ಅವನು ಬೈಯಲಿಲ್ಲ.

“ಇದು ನಾನಲ್ಲ ಮಿತ್ರಾ. ನಮ್ಮಪ್ಪ.”

ಅವಳಿಗೆ ಅರ್ಥವಾಗಲಿಲ್ಲ. ತಾತನ ಒಂದು ಫೋಟೋ ಕೂಡ ಆ ಮನೆಯಲ್ಲಿಲ್ಲ, ತೆಗೆಸಿಯೇ ಇರಲಿಲ್ಲ.

“ಇದೇ ಪಕ್ಕೆಲುಬು. ಇದೇ ಟವಲು. ಆ ಪಾಪಯ್ಯನ ತಾಯಿ ಸತ್ತಾಗ ನಮ್ಮಪ್ಪಂಗೆ ಜ್ವರ, ಮೈ ಸುಡ್ತಿತ್ತು. ಏಳೋಕ್ ಆಗ್ತಿರ್ಲಿಲ್ಲ. ಕರೆಯೋಕ್ ಬಂದ್ರು. ಅವ್ವ ಹೆದರಿ, ಹೋಗಿ, ಇಲ್ದಿದ್ರೆ ಮನೆ ಸುಡ್ತಾರೆ ಅಂದ್ಲು. ನಾನೂ ಜೊತೇಲಿ ಹೋದೆ. ಬೆಳಗಿಂದ ಹೆಣ ಎತ್ತೋವರೆಗೂ ಬಾರಿಸ್ದ. ಅಂಗಳದಲ್ಲೇ ಕುಸಿದ. ಏಳಪ್ಪ ಅಂತ ನಾನು ತೋಳು ಹಿಡಿದು ಎಳೀತಿದ್ರೆ, ಕುಡ್ದಿದಾನೆ ಅಂತ ನಕ್ಕರು. ಅವನು ಮತ್ತೆ ಏಳ್ಲೇ ಇಲ್ಲ.” ಮಗಳು ಅವನ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷದ ಗೆಳೆಯ ನಾನು, ನನಗೂ ಅದೇ ಮೊದಲ ಸಲ ಗೊತ್ತಾದದ್ದು.

ಆಗ ಪಾಪಯ್ಯನ ಮನೆಯ ಕಡೆಯಿಂದ ತಮಟೆ ಕೇಳಿಸಿತು. ಬಾಡಿಗೆಯವರನ್ನು ಕರೆಸಿಕೊಂಡರು ಎಂದುಕೊಂಡೆ. ಸಂಘಮಿತ್ರಾ ತಟ್ಟನೆ ತಲೆ ಎತ್ತಿದಳು. ಅಪ್ಪನ ಮುಖ ನೋಡಿದಳು.

“ಅಪ್ಪ, ಇದು ನಮ್ಮ ಟ್ರ್ಯಾಕ್. ನೀನೇ ಬಾರಿಸಿದ್ದು.”

ಹೌದು. ಫೋನಿನಿಂದ ದೊಡ್ಡ ಸ್ಪೀಕರಿಗೆ ಹಾಕಿದ್ದರು. ಆ ಅಂಗಳಕ್ಕೆ ವೆಂಕಟಸ್ವಾಮಿ ಹೋಗಲಿಲ್ಲ, ಅವನ ತಮಟೆಯನ್ನು ಒಯ್ದುಬಿಟ್ಟರು. ಕಿಟಕಿಯ ಗಾಜು ಅದುರುವಷ್ಟು ಜೋರಾಗಿ ಅವನದೇ ಪೆಟ್ಟು, ಅವನಿಗೆ ಅವನಪ್ಪ ಕಲಿಸಿದ ಪೆಟ್ಟು, ಪಾಪಯ್ಯನ ಹೆಣದ ಮುಂದೆ ಬೀಳುತ್ತಿತ್ತು.

ಒಳಗಿನಿಂದ ಸಪ್ಪಲಮ್ಮ ಗೋಡೆ ಹಿಡಿದುಕೊಂಡು ಬಂದಳು. ಗಂಡನೆದುರು ನಿಂತವಳ ಹಾಗೆ ತಲೆ ಮೇಲೆ ಸೆರಗು ಎಳೆದುಕೊಂಡಿದ್ದಳು.

“ಅವರೇ ಬಾರಿಸ್ತಿರೋದು. ಜ್ವರ ಇಳಿದಿಲ್ಲ ಕಣೋ ಇನ್ನೂ. ನಾನೇ ಹೋಗಿ ಅಂದ್ಬಿಟ್ಟೆ, ನನ್ ನಾಲ್ಗೆ ಸೇದೋಗ. ಹೋಗಿ ಕರ್ಕೊಂಡ್ ಬಾರೋ ಮಗ.”

“ಹೂಂ ಕಣವ್ವ,” ಎಂದು ವೆಂಕಟಸ್ವಾಮಿ ಚಪ್ಪಲಿ ಮೆಟ್ಟಿಕೊಂಡ. ಬಾಗಿಲವರೆಗೆ ಹೋಗಿ ಅಲ್ಲೇ ನಿಂತ. ಯಾರನ್ನು ಕರೆದುಕೊಂಡು ಬರುವುದು? ಟ್ರ್ಯಾಕ್ ಮುಗಿಯಿತು. ಯಾರೋ ಮತ್ತೆ ಮೊದಲಿನಿಂದ ಹಾಕಿದರು.