ಬಾಲ ಬಿಟ್ಟು ಚುಕ್ಕಿ ಕೇಳಿದೆ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಯಾದಯ್ಯನ ಹತ್ತಿರ ಹೋಗಿ ನಾನು ಹೆಂಡ ಕೇಳಿದೆ. ಸಂಜೆಯ ಹೊತ್ತಿಗೆ, ತಲೆ ಮೇಲೆ ಸೆರಗು ಹೊದ್ದುಕೊಂಡು.

ನಗಬೇಡಿ, ಮೊಮ್ಮಕ್ಕಳೇ. ನಾನು ಕೇಳಲು ಹೋಗಿದ್ದು ಟೆರೇಸಿನ ಕೀಲಿಕೈ.

ಬಾಲಚುಕ್ಕಿ ಬಂದಿದೆ, ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ಕಾಣುತ್ತದೆ, ಈಗ ಹೋದರೆ ನಮ್ಮ ಜನ್ಮದಲ್ಲಿ ಮತ್ತೆ ಬರುವುದಿಲ್ಲ ಎಂದು ಮೊಮ್ಮಗಳು ಪಲ್ಲವಿ ಫೋನ್ ಹಿಡಿದು ಕುಣಿಯುತ್ತಿದ್ದಳು. ತೆಲುಗು ಸೀಮೆಯಲ್ಲಿ ನಾವಿರುವ ಈ ದಿಲ್‌ಸುಖ್‌ನಗರದಲ್ಲಿ ಆಕಾಶ ಬೇಕೆಂದರೆ ಟೆರೇಸಿಗೇ ಹತ್ತಬೇಕು. ಟೆರೇಸಿಗೆ ಬೀಗ. (ಕೆಳಗಿನ ಮಹಡಿಯ ಕೋಚಿಂಗ್ ಹುಡುಗರು ಅಲ್ಲಿ ಬಾಟಲಿ ಇಟ್ಟುಕೊಂಡು ಕೂರುತ್ತಿದ್ದರು.)

"ನೀ ಕೀಲಿ ಇಸ್ಕೊಂಡು ಬಾ ಆಯಿ, ನಾ ಫೋನ್ ಸ್ಟ್ಯಾಂಡ್ ಹುಡುಕ್ತೀನಿ" ಎಂದಳು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುವುದು.

ಗಂಡಸರ ಜೊತೆ ಮಾತೆಂದರೆ ನನಗೆ ಮೊದಲೇ ಸಂಕೋಚ. ಜೊತೆಗೆ ನನ್ನ ತೆಲುಗು ತರಕಾರಿ ಗಾಡಿಯ ಆಚೆ ಹೋಗಿಲ್ಲ. ನಮ್ಮ ಚುಕ್ಕಿ ಅವರಿಗೆ ಚುಕ್ಕ, ಅಷ್ಟು ಗೊತ್ತಿತ್ತು. ಬಾಲಕ್ಕೆ ಏನನ್ನುತ್ತಾರೋ ಗೊತ್ತಿರಲಿಲ್ಲ. ಬಾಲ ಬಿಟ್ಟೆ. "ಟೆರೇಸ್ ಕೀ ಕಾವಾಲಿ. ಚುಕ್ಕ ಕೋಸಂ" ಎಂದೆ. ಕೀಲಿ ಬೇಕು, ಚುಕ್ಕಿಗೋಸ್ಕರ ಅಂತ.

ಯಾದಯ್ಯ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಮೀರು ಗೂಡನಾ ಅಮ್ಮಾ?" ನೀವೂನಾ ಅಮ್ಮಾ?

ಚುಕ್ಕ ಎಂದರೆ ಅವರಲ್ಲಿ ಆಕಾಶದ ಚುಕ್ಕಿಯೂ ಹೌದು, ಗ್ಲಾಸಿನ ಗುಟುಕೂ ಹೌದಂತೆ. ಪಲ್ಲವಿ ಬಂದು ಬಿಡಿಸಿ ಹೇಳುವವರೆಗೂ ನಾನು ನೆಲ ನೋಡುತ್ತಾ ನಿಂತಿದ್ದೆ.

ಟೆರೇಸಿನ ಪಶ್ಚಿಮಕ್ಕೆ ಕೋಚಿಂಗ್ ಸೆಂಟರಿನ ದೊಡ್ಡ ಹೋರ್ಡಿಂಗ್. ರ‍್ಯಾಂಕ್ ಬಂದವರ ಮುಖಗಳಿಗೆಲ್ಲ ಲೈಟು. ಉಳಿದ ಆಕಾಶ ಅಂಗೈಯಗಲ.

"ಆಯಿ, ಅಲ್ಲಿ. ಫಸ್ಟ್ ರ‍್ಯಾಂಕ್ ಹುಡುಗಿ ಕಿವಿ ಪಕ್ಕ."

ಕಂಡಿತು. ಬೆರಳಿಗೆ ಹತ್ತಿದ ವಿಭೂತಿಯನ್ನು ಗೋಡೆಗೆ ಒರೆಸಿದಷ್ಟು. ಇಷ್ಟೇನಾ ಎನಿಸಿತು. ಆದರೂ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಬೀಗ ತೆಗೆದ ಸದ್ದಿಗೆ ಎದುರು ಮನೆಯ ಶಾಂತಕ್ಕ ಹತ್ತಿ ಬಂದರು. ಬೀದರ್ ಕಡೆಯವರು, ಒಳ್ಳೆಯವರು.

"ಬಾಲಚುಕ್ಕಿ ನೋಡಬಾರದ್ರಿ ಆಯಿ. ನಾಳಿ ಹುಡುಗಿ ಲೈಸೆನ್ಸ್ ಟೆಸ್ಟಿಗೆ ಹೊಂಟಾಳ. ತಿಳದವರು ನೀವೇ ಹಿಂಗ ನಿಂತು ತೋರಸ್ತೀರೇನ್ರಿ?"

ಅಪಶಕುನದ ಬಗ್ಗೆ ನನಗೆ ತಿಳಿಯದ್ದೇನಿದೆ? ಯಜಮಾನರು ತೀರಿದ ಮೇಲೆ, ಮನೆಯಿಂದ ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ ನಾನು ಅಡುಗೆಮನೆಗೆ ಸರಿದುಬಿಡುತ್ತೇನೆ. ಗಂಡನಿಲ್ಲದವಳು ಎದುರಾಗಬಾರದಲ್ಲ? ಮನೆಯಲ್ಲಿ ಯಾರೂ ಹೇಳಿದ್ದಲ್ಲ. ನಮ್ಮೂರಿನಲ್ಲಿ ಅದನ್ನು ಹೇಳಬೇಕಾಗಿಯೂ ಇರಲಿಲ್ಲ.

ಪಾಪ, ಬಾಲಚುಕ್ಕಿಗೆ ಸರಿಯಲು ಅಡುಗೆಮನೆಯೂ ಇಲ್ಲ.

ಪಲ್ಲವಿ ಫೋನಿನಿಂದ ತಲೆ ಎತ್ತಲಿಲ್ಲ. "ಹೋದ ಸಲ ಟೆಸ್ಟಿಗೆ ಹೋದಾಗ ಬಾಲಚುಕ್ಕಿ ಇದ್ದಿಲ್ಲ ಆಂಟಿ. ಆಯಿನೂ ಒಳಗ ಅಡಗಿದ್ಳು. ಎಲ್ಲಾ ಶುಭನೇ ಇತ್ತು. ಆದ್ರೂ ಫೇಲ್ ಆದೆ." ಆಮೇಲೆ ನನ್ನ ಕಡೆ ತಿರುಗಿದಳು. "ನಾಳಿ ಬಾಗಲದಾಗ ನಿಂದರು ಆಯಿ. ಏನಾಗ್ತೈತಿ ನೋಡೂಣು."

ನಾನು ಅಡಗುವುದು ಅವಳಿಗೆ ಕಂಡಿತ್ತೇ? ನೀರು ಕುಡಿಯಲು ಒಳಗೆ ಹೋಗುತ್ತೇನೆಂದು ತಿಳಿದಿದ್ದಾಳೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತೆ. ಬರಿಗೈಯಲ್ಲಿ ನಿಲ್ಲಲು ಮುಜುಗರವಾಗಿ ಅವಳ ನೀರಿನ ಬಾಟಲಿ ಹಿಡಿದುಕೊಂಡಿದ್ದೆ. ಎದುರು ಮನೆಯ ಬಾಗಿಲು ಒಂದಿಷ್ಟು ತೆರೆದು ಮುಚ್ಚಿಕೊಂಡಿತು. ಪಲ್ಲವಿ ನನ್ನ ಮುಖ ನೋಡಿ, ಬಾಟಲಿ ಇಸಿದುಕೊಂಡು, ಲಿಫ್ಟ್ ಹತ್ತಿದಳು.

ಪಾಸಾದಳೇ?

ಇಲ್ಲ. ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಬಂದಳು.

"ನಾ ಹೇಳಿದ್ದಿಲ್ಲೇನ್ರಿ?" ಎಂದರು ಶಾಂತಕ್ಕ.

"ಕಂಬ ನೋಡಬೇಕಿತ್ತು ಆಂಟಿ, ನೋಡ್ಲಿಲ್ಲ" ಎಂದಳು ಇವಳು. "ಚುಕ್ಕಿ ನೋಡಿದ್ದಕ್ಕಲ್ಲ." ಚಪ್ಪಲಿ ಬಿಡುತ್ತಲೇ ಊಟಕ್ಕೆ ಏನಿದೆ ಎಂದು ಕೇಳಿದಳು.

ಮುಂದಿನ ತಿಂಗಳು ಮತ್ತೆ ಟೆಸ್ಟು. ಬಾಲಚುಕ್ಕಿ ಅಷ್ಟರಲ್ಲಿ ಹೋಗಿರುತ್ತದೆ. ನಾನು ಬಾಗಿಲಲ್ಲೇ ಇರುತ್ತೇನೆ.