ಕೆಸರಿನ ಮೇಲ್ತುದಿ

ಪ್ರಯೋಗಾಲಯದಲ್ಲಿ ಅವಳಿಗೆ ಕೆಸರಕ್ಕ ಎಂಬ ಹೆಸರು ಬಿದ್ದು ಆರು ವರ್ಷವಾಗಿತ್ತು. ಹೆಸರಿಟ್ಟವರು ದೋಣಿ ಮಾಮ. ಕೆರೆಯ ನಡುವೆ ದೋಣಿ ನಿಲ್ಲಿಸಿ, ಪ್ಲಾಸ್ಟಿಕ್ ಕೊಳವೆಯೊಂದನ್ನು ತಳಕ್ಕೆ ಒತ್ತಿ, ಅದರ ತುಂಬ ಕೆಸರು ತುಂಬಿಸಿಕೊಂಡು ಮೇಲೆತ್ತುವುದು ಅವರ ಕೆಲಸ. ಆ ಕೆಸರಿನ ಕಂಬವನ್ನು ಉದ್ದಕ್ಕೆ ಸೀಳಿ, ಸೆಂಟಿಮೀಟರಿಗೊಂದರಂತೆ ಬಿಲ್ಲೆ ಕತ್ತರಿಸಿ, ತೂಗಿ, ಒಣಗಿಸಿ, ಮತ್ತೆ ತೂಗುವುದು ಅವಳದು. ಅವಳ ಅಪ್ಪನ ವಯಸ್ಸಿನವರಾದರೂ ದೋಣಿ ಮಾಮ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಅಕ್ಕ, ನಮ್ಮಿಬ್ಬರಿಗೆ ಆ ಮೊಸರು ಯಾವಾಗ ಬರೋದು?" ಎನ್ನುವುದು ಅವರ ಹಳೆಯ ಹಾಸ್ಯ.

ಕೆಸರಕ್ಕ ಹುಟ್ಟಾ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸು ಓಡಿದವಳು. ಮಗಳು ಪುಟ್ಟಿ ಹುಟ್ಟಿದ ಮೇಲಂತೂ ಹಗ್ಗವೆಲ್ಲ ಹಾವೇ ಆಗಿತ್ತು. ಮಗು ಮಲಗಿದ್ದರೆ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವಳು. ಎದ್ದಿದ್ದರೆ ಏನು ನುಂಗಿತೋ ಎಂದು ಬಾಯಿ ತೆರೆಸಿ ನೋಡುವಳು. ಇಂಥವಳಿಗೆ ಸಿಕ್ಕಿದ ಕೆಲಸವೂ ಭಯಕ್ಕೆ ಮೇವು ಹಾಕುವಂಥದ್ದೇ. ಬೇರೆಯವರಿಗೆ ಬರೀ ಕೆಸರಾಗಿ ಕಾಣುವುದು ಅವಳಿಗೆ ಸಾಲುಸಾಲಾಗಿ ಮಲಗಿದ ವರ್ಷಗಳಾಗಿ ಕಾಣುತ್ತಿತ್ತು. ಕಪ್ಪು ಗೆರೆ ಅಂದರೆ ಸುತ್ತಲಿನ ಕಾಡು ಹತ್ತಿ ಉರಿದದ್ದು. ಬೆರಳು ದಪ್ಪದ ಮರಳು ಅಂದರೆ ಒಂದೇ ದಿನದಲ್ಲಿ ನುಗ್ಗಿದ ಪ್ರವಾಹ. ಬಿರುಕು ಬಿಟ್ಟ ಬಿಳಿಚು ಪದರ ಅಂದರೆ ಕೆರೆ ಒಂದು ತೊಟ್ಟು ನೀರಿಲ್ಲದೆ ವರ್ಷಗಟ್ಟಲೆ ಒಣಗಿ ಬಿದ್ದದ್ದು. ಆ ಬಿಳಿಚು ಪದರವನ್ನು ಮೊದಲ ಸಲ ಕಂಡ ದಿನ ಅವಳು ಮನೆಗೆ ಎರಡು ನೀರಿನ ಡ್ರಮ್ ಕೊಂಡುಕೊಂಡೇ ಹೋಗಿದ್ದಳು.

"ಆ ಬರ ಬಂದಿದ್ದು ಎಂಟುನೂರು ವರ್ಷದ ಹಿಂದೆ ಅಂತ ನೀನೇ ಹೇಳ್ತೀಯ," ಎಂದಿದ್ದ ಗಂಡ, ಡ್ರಮ್ಮುಗಳ ನಡುವೆ ಅಡ್ಡಡ್ಡ ನಡೆಯುತ್ತ. ಅವನು ಬಸ್ ಡಿಪೋದಲ್ಲಿ ಗುಮಾಸ್ತ, ಸಮಾಧಾನದ ಮನುಷ್ಯ. "ಈಗ ಯಾಕೆ ಈ ಸಡಗರ?"

"ಒಂದು ಸಲ ಬಂದಿದ್ದು ಇನ್ನೊಂದು ಸಲ ಬರಲ್ಲ ಅಂತ ಯಾರಾದ್ರೂ ಬರೆದು ಕೊಟ್ಟಿದ್ದಾರಾ?"

ಡ್ರಮ್ಮುಗಳು ಹಾಗೇ ಉಳಿದವು.

ಆ ವರ್ಷ ಪ್ರಯೋಗಾಲಯಕ್ಕೆ ಬಂದ ಕೆಸರು ಊರಿಗೆ ಕುಡಿಯುವ ನೀರು ಕೊಡುವ ಕೆರೆಯದು. ನೀರು ಸರಬರಾಜು ಕಚೇರಿಯವರು ಪಂಪ್‌ಹೌಸಿನ ಬಳಿ ಒಂದು ಮೊಳದಷ್ಟು ಹೂಳೆತ್ತಬೇಕೆಂದಿದ್ದರು. ಹೂಳನ್ನು ಕದಡಿದರೆ ತೊಂದರೆಯೇನೂ ಇಲ್ಲವಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥೆಯನ್ನು ಕೇಳಿದ್ದರು. ಮುಖ್ಯಸ್ಥೆಗೆ ಎಲ್ಲರೂ ಮೇಡಂ ಅಂತಷ್ಟೇ ಅನ್ನುತ್ತಿದ್ದರು. ದೋಣಿ ಮಾಮ ಮೂರು ಕೊಳವೆ ತಂದರು. ಅವಸರಕ್ಕೆ ಕೆಸರಕ್ಕ ಒಂದನ್ನೇ ಸೀಳಿದಳು. ಅರವತ್ತು ಸೆಂಟಿಮೀಟರಿನ ಆ ಕಂಬದಲ್ಲಿ, ತಳದ ಏಳು ಬಿಲ್ಲೆಗಳಲ್ಲಿ, ಸೀಸ ಸಿಕ್ಕಿತು. ಸ್ವಲ್ಪವಲ್ಲ, ಮೇಡಂ ಕನ್ನಡಕ ಒರೆಸಿಕೊಂಡು ಎರಡನೆಯ ಸಲ ನೋಡುವಷ್ಟು. ಆದರೆ ಅದು ತಳದಲ್ಲಿತ್ತು. ತಳದ್ದೆಂದರೆ ಹಳೆಯದು. "ಯಾವ ಕಾಲದಲ್ಲೋ ದಡದಲ್ಲಿ ಲೋಹ ಕರಗಿಸ್ತಿದ್ರು ಅನ್ಸುತ್ತೆ. ಮೇಲಿನ ಹೂಳು ಶುದ್ಧವಾಗಿದೆ, ತೆಗೀಬಹುದು," ಎಂದರು ಮೇಡಂ. ಶನಿವಾರ ವರದಿ ಹೋಗಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಕೆಸರಕ್ಕ ವರದಿಯ ಕೊನೆಯ ಕೋಷ್ಟಕ ತುಂಬಿಸುತ್ತಿದ್ದಳು. ಯಾರೂ ಓದದ ಕೋಷ್ಟಕ ಅದು: ಯಾವ ಬಿಲ್ಲೆಯಲ್ಲಿ ನೀರೆಷ್ಟು ಎಂಬುದು. ಹಸಿ ತೂಕದಲ್ಲಿ ಒಣ ತೂಕ ಕಳೆದರೆ ಮುಗಿಯಿತು. ಮೇಲಿನ ಕೆಸರು ಹೊಸದು, ಗಂಜಿಯ ಹಾಗೆ ನೀರು ನೀರು. ಕೆಳಗಿನದು ತನ್ನ ಮೇಲೆ ಬಿದ್ದ ಭಾರಕ್ಕೆ ಹಿಂಡಿಹೋಗಿ ಬಿಗಿಯಾಗಿರುತ್ತದೆ. ಎಲ್ಲ ಕೆರೆಗೂ ಇದೇ ಲೆಕ್ಕ.

ಮೊದಲ ಬಿಲ್ಲೆಯಲ್ಲಿ ನೂರಕ್ಕೆ ಐವತ್ತೊಂದು ಪಾಲು ನೀರು ಬಂತು. ಅವಳು ಮತ್ತೆ ಕಳೆದಳು. ಐವತ್ತೊಂದೇ. ಬೆರಳು ಸಾಲಿನ ಕೆಳಕ್ಕೆ ಜಾರಿತು. ಕೊನೆಯ ಬಿಲ್ಲೆ, ಅರವತ್ತನೆಯದು: ಎಂಬತ್ತೆಂಟು.

ಕಂಬ ತಲೆಕೆಳಗಾಗಿತ್ತು.

ಯಾವತ್ತು, ಹೇಗೆ ಎಂದು ನೆನಪಿಸಿಕೊಳ್ಳಲು ಅವಳು ಕಷ್ಟಪಡಬೇಕಾಗಲಿಲ್ಲ. ಕೊಳವೆಯ ಹೊರಮೈಯಲ್ಲಿ, ಮೇಲ್ತುದಿ ಯಾವುದೆಂದು ತೋರಿಸುವ ಬಾಣದ ಗುರುತಿರುತ್ತದೆ. ಸೀಳಿದರೆ ಬಾಣ ಒಂದೇ ಹೋಳಿನ ಪಾಲಾಗುತ್ತದೆ. ಹೋಳುಗಳನ್ನು ಕದಲಿಸುವ ಮೊದಲೇ ಇನ್ನೊಂದಕ್ಕೂ ಬಾಣ ಹಾಕಬೇಕು. ಇದು ಅಲ್ಲಿ ಕಲಿಸುವ ಮೊದಲ ಪಾಠ. ಅಂದು ಅವಳು ಸೀಳಿ ಮುಗಿಸುವ ಹೊತ್ತಿಗೆ ಶಿಶುವಿಹಾರದಿಂದ ಫೋನ್ ಬಂದಿತ್ತು. ಪುಟ್ಟಿಗೆ ಮೈ ಸುಡುತ್ತಿದೆ, ಬನ್ನಿ. ಅವಳು ಎರಡೂ ಹೋಳುಗಳನ್ನು ತಟ್ಟೆಗೆ ಎತ್ತಿಟ್ಟು ಓಡಿದ್ದಳು. ಮರುದಿನ ಬಂದು, ಬಾಣವಿದ್ದ ಹೋಳನ್ನು ಹಾಳೆ ಸುತ್ತಿ ತಣ್ಣನೆಯ ಕೋಣೆಯಲ್ಲಿ ಕಾಪಿಟ್ಟು, ಬಾಣವಿಲ್ಲದ್ದಕ್ಕೆ ನೆನಪಿನ ಮೇಲೆ ಬಾಣ ಹಾಕಿ ಕತ್ತರಿಸಲು ಕೂತಿದ್ದಳು. ಕೊನೆಯ ಬಿಲ್ಲೆಗಳು ಚಮಚದಲ್ಲಿ ನಿಲ್ಲದೆ ಹರಿದಾಗ, ಕೊಳವೆ ಮಲಗಿದ್ದಾಗ ನೀರು ಆ ತುದಿಗೆ ಇಳಿದಿರಬೇಕು ಅಂದುಕೊಂಡಿದ್ದಳು. ಕೈಗೆ ಗೊತ್ತಾಗಿತ್ತು, ತಲೆಗೆ ಗೊತ್ತಾಗಿರಲಿಲ್ಲ. ತಲೆಯಲ್ಲಿ ಪುಟ್ಟಿಯ ನೂರೆರಡು ಡಿಗ್ರಿ ಜ್ವರವಿತ್ತು.

ಹಾಗಾದರೆ ಸೀಸ ಹಳೆಯದಲ್ಲ. ಕೆರೆಯ ತಳದಲ್ಲಿ ಇವತ್ತು ನೀರು ಸೋಕುತ್ತಿರುವ ಪದರವೇ ಅದು. ದಡದ ಶೆಡ್ಡುಗಳಲ್ಲಿ ಹಳೆಯ ಬ್ಯಾಟರಿ ಕರಗಿಸಿ ಸೀಸ ತೆಗೆಯುತ್ತಿದ್ದದ್ದು ಎಲ್ಲರಿಗೂ ಗೊತ್ತು. ಹೂಳೆತ್ತುವ ಯಂತ್ರ ಮೊದಲು ಕದಡುವುದು ಅದನ್ನೇ, ಅದೂ ಪಂಪ್‌ಹೌಸಿನ ಬಾಯಲ್ಲಿ.

ಮೇಡಂ ಕೋಣೆ ಹದಿನೈದು ಹೆಜ್ಜೆ ದೂರದಲ್ಲಿತ್ತು. ಅವಳು ಏಳಲಿಲ್ಲ. ಹೆರಿಗೆ ರಜೆ ಮುಗಿಸಿ ಬಂದ ವಾರ ಕಚೇರಿಯ ಮ್ಯಾನೇಜರ್ ಎಲ್ಲರೆದುರು, "ಮಗು ಇರೋರ ತಲೆ ಅರ್ಧ ಮನೇಲೇ ಇರುತ್ತೆ, ಅವರಿಗೆ ಹಗುರ ಕೆಲಸ ಕೊಡಿ" ಎಂದಿದ್ದರು. ಅವಳೂ ಎಲ್ಲರ ಜತೆ ನಕ್ಕಿದ್ದಳು. ಈಗ ಬಾಯಿಬಿಟ್ಟರೆ ಆ ಮಾತಿಗೆ ತಾನೇ ಮುದ್ರೆ ಒತ್ತಿದ ಹಾಗೆ. ಲೆಕ್ಕವೇ ತಪ್ಪಿರಬಹುದಲ್ಲ? ತಕ್ಕಡಿ ಕೆಟ್ಟಿರಬಹುದಲ್ಲ? ನಾಳೆ ಬೆಳಿಗ್ಗೆ ಕಾಪಿಟ್ಟ ಹೋಳು ಬಿಚ್ಚಿ ನೋಡಿ, ಖಚಿತ ಮಾಡಿಕೊಂಡು ಹೇಳಿದರಾಯಿತು. ಯಂತ್ರ ಇಳಿಯುವುದು ಸೋಮವಾರ ತಾನೇ.

"ಯಾಕಕ್ಕ, ಮುಖ ಸುಣ್ಣ ಬಳಿದ ಹಾಗಿದೆ?" ಎಂದರು ದೋಣಿ ಮಾಮ, ಹೊರಡುವಾಗ.

"ಏನಿಲ್ಲ ಮಾಮ. ಪುಟ್ಟಿಗೆ ಸ್ವಲ್ಪ ಶೀತ."

ಪುಟ್ಟಿಗೆ ಶೀತವಿರಲಿಲ್ಲ. ಆಡಿದ ಸುಳ್ಳು ಮಗುವಿಗೇ ತಟ್ಟೀತೆಂದು ಬಸ್ಸಿನಲ್ಲಿ ಅವಳಿಗೆ ಇನ್ನೊಂದು ಭಯ ಹುಟ್ಟಿತು.

ಮನೆಯಲ್ಲಿ ಅತ್ತೆ ಮೊಮ್ಮಗಳಿಗೆ ಲೋಟದಲ್ಲಿ ನೀರು ಕುಡಿಸುತ್ತಿದ್ದರು. ಕೆಸರಕ್ಕ ಚೀಲ ಇಳಿಸದೆ ಹೋಗಿ ಲೋಟ ಕಿತ್ತುಕೊಂಡಳು. ನೀರು ಅತ್ತೆಯ ಸೀರೆಯ ಮೇಲೆ ಚೆಲ್ಲಿತು.

"ಇದೇನಮ್ಮ ಇದು? ಕುದಿಸಿ ಆರಿಸಿದ ನೀರು."

ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಸಾಯುವುದಿಲ್ಲ. ಅವಳು ಅದನ್ನು ಹೇಳಲಿಲ್ಲ. "ಅಂಗಡಿ ನೀರು ತಂದಿದ್ದೀನಿ ಅತ್ತೆ, ಎರಡು ದಿನ ಇದನ್ನೇ ಕೊಡಿ."

"ನಿನ್ನ ಕೆಸರಲ್ಲಿ ಈಗ ಇನ್ಯಾವ ಪೀಡೆ ಸಿಕ್ತು? ಹೋದ ಸಲ ಬರ, ಅದರ ಹಿಂದಿನ ಸಲ ಪ್ರವಾಹ. ನನ್ನ ಮಗ ಈ ಲೋಟದಲ್ಲೇ ಕುಡಿದು ಆರಡಿ ಬೆಳೆದ."

"ಐದೂವರೆ," ಎಂದ ಗಂಡ, ಪತ್ರಿಕೆಯ ಹಿಂದಿನಿಂದ.

ಅವಳಿಗೆ ನಗು ಬರಲಿಲ್ಲ. ಪುಟ್ಟಿಯ ಒದ್ದೆ ತುಟಿಗಳನ್ನು ಸೆರಗಿನಲ್ಲಿ ಒರೆಸಿದಳು, ಒರೆಸಿದ ಮೇಲೂ ಒರೆಸಿದಳು.

ಶನಿವಾರ ಯಾರೂ ಬರುವ ಮೊದಲೇ ಅವಳು ತಣ್ಣನೆಯ ಕೋಣೆಗೆ ಹೋದಳು. ಕಪಾಟಿನಿಂದ ಹೋಳನ್ನು ಇಳಿಸಿ, ಹಾಳೆ ಬಿಚ್ಚಿದಳು. ಅವಳ ಪಟ್ಟಿಯಲ್ಲಿ ಈ ಕಂಬದ ಮರಳಿನ ಪದರ ನಲವತ್ತಾರನೆಯ ಸೆಂಟಿಮೀಟರಿನಲ್ಲಿತ್ತು. ಅಲ್ಲೇ ಇದ್ದರೆ ಅನುಮಾನವೆಲ್ಲ ಸುಳ್ಳು, ತಾನೊಬ್ಬ ಹುಚ್ಚಿ, ಅಷ್ಟೇ. ಬಾಣದ ಕಡೆಯಿಂದ ಅಳತೆಪಟ್ಟಿ ಇಟ್ಟಳು. ಮರಳು ಹದಿನೈದನೆಯದರಲ್ಲಿತ್ತು.

ಹಾಳೆಯನ್ನು ಮತ್ತೆ ಸುತ್ತಿ ಕಪಾಟಿಗೇರಿಸಿದರೆ, ಇನ್ನು ಹತ್ತು ವರ್ಷ ಅದನ್ನು ಯಾರೂ ಬಿಚ್ಚುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹೋಳನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು ನಡೆದು, ಮೇಡಂ ಆಗಷ್ಟೇ ಬಂದು ಕೂತ ಮೇಜಿನ ಮೇಲೆ, ಸಹಿಗೆ ಕಾದಿದ್ದ ವರದಿಯ ಮೇಲೆಯೇ ಇಟ್ಟಳು.

"ಮೇಡಂ, ನಾನು ತಲೆಕೆಳಗಾಗಿ ಕತ್ತರಿಸಿದ್ದೀನಿ. ಸೀಸ ಮೇಲಿದೆ."

ಮೇಡಂ ಬಾಣ ನೋಡಿದರು, ಮರಳು ನೋಡಿದರು, ಅವಳು ಚಾಚಿದ ಕೋಷ್ಟಕ ನೋಡಿದರು. ಬೈಯಲಿಲ್ಲ.

"ಯಾವಾಗ ಗೊತ್ತಾಯ್ತು?"

"ನಿನ್ನೆ ಮಧ್ಯಾಹ್ನ."

"ನಿನ್ನೆ ಮಧ್ಯಾಹ್ನ." ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಗುರುವಾರ ನೀರು ಸರಬರಾಜಿನ ಆ ಇಂಜಿನಿಯರ್ ಕೇಳಿದಾಗ ನಾನು ಬಾಯಿಮಾತಲ್ಲೇ ಹೂಂ ಅಂದುಬಿಟ್ಟೆ ಕಣಮ್ಮ. ಅವರು ನಿನ್ನೆ ಸಂಜೆನೇ ಯಂತ್ರ ಇಳಿಸಿದ್ದಾರೆ."

ನಿನ್ನೆ ಮಧ್ಯಾಹ್ನಕ್ಕೂ ಸಂಜೆಗೂ ನಡುವೆ ಇದ್ದದ್ದು ಹದಿನೈದು ಹೆಜ್ಜೆ.

ಮೇಡಂ ಫೋನೆತ್ತಿದರು. ಅತ್ತ ಕಡೆಯವರು ಒಪ್ಪಲಿಲ್ಲ, ಬರಹದಲ್ಲಿ ಕೊಡಿ ಅಂದರು, ಮೇಡಂ ಧ್ವನಿ ಏರಿಸದೆ, "ಬರಹ ಬರೋವರೆಗೆ ಕುಡಿಯೋರು ಯಾರು, ನೀವಾ?" ಎಂದರು. ಒಂಬತ್ತೂವರೆಗೆ ಯಂತ್ರ ನಿಂತಿತು, ಹತ್ತಕ್ಕೆ ಪಂಪ್ ನಿಂತಿತು. ಕೆಸರಕ್ಕ ಮನೆಗೆ ಫೋನ್ ಮಾಡಿ ನಲ್ಲಿ ನೀರು ಮುಟ್ಟಬೇಡಿ ಎಂದಳು, ಈ ಸಲ ಯಾಕೆಂದೂ ಹೇಳಿದಳು. ಅತ್ತೆ ಮೆಲ್ಲಗೆ, "ಬೆಳಿಗ್ಗೆ ಹಾಲಿಗೆ ಅದೇ ನೀರು ಬೆರೆಸಿದ್ದೆನಲ್ಲಮ್ಮ," ಎಂದರು.

ಸೋಮವಾರ ಊರಿನ ಆರೋಗ್ಯ ಕೇಂದ್ರದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ರಕ್ತ ಪರೀಕ್ಷೆ ಇಟ್ಟರು. ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಕೆಸರಕ್ಕನ ಮುಂದೆ ನಿಂತಿದ್ದ ಹೊಲಿಗೆ ಅಂಗಡಿಯ ಹೆಂಗಸು ಸೊಂಟದ ಮೇಲಿದ್ದ ಮಗನನ್ನು ಸರಿಪಡಿಸಿಕೊಳ್ಳುತ್ತ, "ಯಾರೋ ಪರೀಕ್ಷೆ ಮಾಡೋರು ಮೇಲ್ಯಾವುದು ಕೆಳಗ್ಯಾವುದು ಅಂತ ನೋಡದೆ ಬರೆದ್ರಂತೆ. ಅವರಿಗೆ ಮಕ್ಕಳಿರಲ್ವೇನ್ರೀ?" ಎಂದಳು.

ಸುಮ್ಮನಿರಬಹುದಿತ್ತು. ಒಂದು ಸಲ ಸುಮ್ಮನಿದ್ದುದರ ರುಚಿ ಅವಳ ಬಾಯಲ್ಲಿ ಇನ್ನೂ ಇತ್ತು.

"ಇದ್ದಾಳೆ," ಎಂದಳು, ಪುಟ್ಟಿಯ ತಲೆ ಮುಟ್ಟಿ. "ಬರೆದಿದ್ದು ನಾನೇ."

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ಹೆಜ್ಜೆ ಮುಂದೆ ಸರಿದು ನಿಂತಳು. ಆಮೇಲೆ ಸಾಲು ಕರಗುವವರೆಗೂ ತಿರುಗಿ ನೋಡಲಿಲ್ಲ.

ಬುಧವಾರ ನಲ್ಲಿಗಳಿಗೆ ಕೊಳವೆಬಾವಿಯ ನೀರು ಬಿಟ್ಟರು. ಗುರುವಾರ ಫಲಿತಾಂಶ. ಪುಟ್ಟಿಯ ರಕ್ತದಲ್ಲಿ ಸೀಸ ಮೂರು. ಐದರೊಳಗಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರ್. ಕೆಸರಕ್ಕನ ಕಿವಿಗೆ ಚಿಂತೆಯಿಲ್ಲ ಎಂಬುದು ಬೀಳಲೇ ಇಲ್ಲ. ಮೂರು ತಿಂಗಳು ಎಂಬುದಷ್ಟೇ ಬಿತ್ತು. ಹೊರಗೆ ಬಂದರೆ ಬೆಂಚಿನ ಮೇಲೆ ಅದೇ ಹೆಂಗಸು ಚೀಟಿ ಹಿಡಿದು ಕೂತಿದ್ದಳು. ಹುಡುಗ ಅವಳ ಚಪ್ಪಲಿ ಹಾಕಿಕೊಂಡು ಟಪಟಪ ಓಡಾಡುತ್ತಿದ್ದ.

"ನಿಮ್ಮದೆಷ್ಟು?" ಎಂದು ಕೇಳಿದಳು ಹೆಂಗಸು.

"ಮೂರು."

"ನಮ್ಮದು ಹನ್ನೊಂದು." ಚೀಟಿಯನ್ನು ಮಡಚಿದಳು, ಬಿಚ್ಚಿದಳು. "ಒಂದು ರಾತ್ರಿ ನೀರಿಗೆ ಇಷ್ಟು ಬರಲ್ಲ, ಇದು ಮುಂಚಿನಿಂದ ಇದೆ ಅಂತಾರೆ ಡಾಕ್ಟರ್. ಮನೆ ಗೋಡೆ ಬಣ್ಣದಿಂದ ಬರಬಹುದು, ಹಳೇ ಪೈಪಿನಿಂದ ಬರಬಹುದು, ಕೆರೆಯಿಂದಲೂ ಬರಬಹುದು ಅಂತಾರೆ. ಎಲ್ಲಿಂದ ಅಂತ ಯಾರನ್ನ ಕೇಳೋದು ನಾನು?"

ಕೆಸರಕ್ಕ ಬೆಂಚಿನ ತುದಿಯಲ್ಲಿ ಕೂತಳು. ತನ್ನಿಂದ ಅಲ್ಲ ಎಂದು ಹೇಳಲು ಅವಳಿಗೆ ಧೈರ್ಯವಿರಲಿಲ್ಲ, ತನ್ನಿಂದಲೇ ಎಂದು ಹೇಳಲು ಪುರಾವೆ ಇರಲಿಲ್ಲ.

"ನಿಮ್ಮ ಮನೆ ಎಲ್ಲಿ?" ಎಂದಳು.

"ಹೊಲಿಗೆ ಅಂಗಡಿ ಹಿಂದೇನೇ."

"ನಾಳೆ ಬೆಳಿಗ್ಗೆ ಆರಕ್ಕೆ ಬಾಟಲಿ ತಗೊಂಡು ಬರ್ತೀನಿ. ರಾತ್ರಿಯಿಡೀ ಪೈಪಲ್ಲಿ ನಿಂತ ನೀರು ಬೇಕು ನನಗೆ, ಪೈಪಿನ ಸೀಸ ಅದರಲ್ಲೇ ಗೊತ್ತಾಗೋದು. ನಾನು ಬರೋವರೆಗೆ ಯಾರೂ ನಲ್ಲಿ ತಿರುಗಿಸಬೇಡಿ. ಗೋಡೆ ಬಣ್ಣಾನೂ ಸ್ವಲ್ಪ ಕೆರೆದುಕೊಳ್ತೀನಿ."

ಹೆಂಗಸು ಅವಳ ಮುಖವನ್ನೇ ನೋಡಿದಳು. "ಈ ಸಲ ಸರಿಯಾಗಿ ಬರೀತೀರಾ?"

"ನೀವು ಪಕ್ಕದಲ್ಲೇ ನಿಂತಿರಿ," ಎಂದಳು ಕೆಸರಕ್ಕ. "ನಾನು ಬರೆದಿದ್ದನ್ನ ನೀವೊಂದು ಸಲ ಓದಿ ನೋಡಿ."